ಎಡಕ್ಕೆ ಹತ್ತುವ ಪಾವಟಿಗೆ

ನಾನು ಚಿತ್ತಾಪುರದ ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹಳೆಯ ತೀರ್ಪು, ಡಿಕ್ರಿ, ಆಸ್ತಿ ಪಾಲಿನ ವಾಟಣಿ ಪತ್ರ ಬೇಕಾದವರು ಅರ್ಜಿ ಕೊಡುತ್ತಾರೆ. ನಾನು ಮೂಲ ಪ್ರತಿ ತೆಗೆದು ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿ ಕೊಡುತ್ತೇನೆ. ಇದ್ದ ಹಾಗೆ ಎಂದರೆ ತಪ್ಪನ್ನೂ ಸೇರಿಸಿ. ಮೂಲದಲ್ಲಿ ಪೂರ್ವದ ಬದಲು ಪಶ್ಚಿಮ ಅಂತ ಬಿದ್ದಿದ್ದರೆ ನಕಲಿನಲ್ಲೂ ಪಶ್ಚಿಮವೇ ಬೀಳಬೇಕು. ತಿದ್ದಿದರೆ ಅದು ನಕಲಲ್ಲ. ಇಷ್ಟು ವರ್ಷ ಇದನ್ನೇ ಮಾಡಿ ನನ್ನ ಸ್ವಭಾವವೂ ಹಾಗೇ ಆಗಿದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ವಾಡಿ ಸ್ಟೇಷನ್ನಿನಲ್ಲಿ ಗಾಡಿಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೆಲಸದಲ್ಲಿದ್ದಾರೆ. ತಿರುಗಿಸುವವರಿಗೆ ತಿರುಗಿಸದವರನ್ನು ಕಂಡರೆ ಸ್ವಲ್ಪ ನಗು ಇದ್ದೇ ಇರುತ್ತದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಐವತ್ತು ದಾಟಿದ ಮೇಲೆ ಮಗ್ಗದ ಮುಂದೆ ಕುಳಿತು ನಾನು ಮಾಡಿದ ಒಂದು ತಪ್ಪು ಈ ಸ್ವಭಾವದಿಂದಲೇ ಆದದ್ದು.

ನನ್ನ ತವರು ರಾವೂರ. ಊರಿನ ಅರ್ಧ ಜನ ಕಲ್ಲಿನ ಖಣಿಯಲ್ಲಿ, ಉಳಿದರ್ಧ ಹೊಲದಲ್ಲಿ. ಅಪ್ಪ ಮಾತ್ರ ಕಂಬಳಿ ನೇಯುತ್ತಿದ್ದ. ಪಡಸಾಲೆಯ ಮೂಲೆಯಲ್ಲಿ ಸೊಂಟದಷ್ಟು ಆಳದ ಕುಣಿ ಇತ್ತು. ಅವನ ಕಾಲು ಕುಣಿಯೊಳಗೆ, ಮಗ್ಗ ನೆಲದ ಮಟ್ಟಕ್ಕೆ. ಹೊರಗಿನಿಂದ ಬಂದವರಿಗೆ ಅರ್ಧ ಮನುಷ್ಯನೇ ಕಾಣುತ್ತಿದ್ದ. ಅವ್ವ ಕರಿ ಕುರಿಯ ಉಣ್ಣೆ ನೂಲುತ್ತಿದ್ದಳು. ಏಳನೆಯ ವಯಸ್ಸಿನಿಂದ ನಾನೂ ನೂಲಿದೆ. ಹುಣಸೆ ಬೀಜ ಹುರಿದು, ಕುದಿಸಿ, ಗಂಜಿ ಮಾಡಿ, ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳಿಗೆ ತಿಕ್ಕುವುದೂ ಹೆಂಗಸರ ಪಾಲಿನ ಕೆಲಸ. ಅಲ್ಲಿಗೆ ನಮ್ಮ ಗೆರೆ ಮುಗಿಯಿತು. ಅಡ್ಡಕ್ಕೆ ಹೋಗುವ ಹೊಕ್ಕನ್ನು ಬಡಿದು ಕೂರಿಸುವ ಮರದ ಹಲಗೆ ಒಂದಿತ್ತು. ಅದನ್ನು ನಮ್ಮ ಮನೆಯಲ್ಲಿ ಹೆಂಗಸರು ಮುಟ್ಟುವಂತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ಮುಟ್ಟೂದಿಲ್ಲ ಅಷ್ಟ’ ಎಂದಿದ್ದಳು ಅವ್ವ. ಒಮ್ಮೆ ಅದು ಜಾರಿ ಅವಳ ಕಾಲ ಮೇಲೆ ಬಿದ್ದಾಗಲೂ ಅಪ್ಪ ಹೊರಗಿನಿಂದ ಬಂದು ಎತ್ತುವವರೆಗೆ ಕಾಲು ಹಾಗೇ ಇಟ್ಟುಕೊಂಡು ಕುಳಿತಿದ್ದಳು. ಅದು ನನಗೆ ಆಗಲೂ ಸರಿ ಅನ್ನಿಸಿರಲಿಲ್ಲ.

ಅಪ್ಪ ಪ್ರತಿಯೊಂದು ಕಂಬಳಿಯ ಅಂಚಿನಲ್ಲಿ ಬಿಳಿ ಉಣ್ಣೆಯಿಂದ ಒಂದು ಗುರುತು ಹಾಕುತ್ತಿದ್ದ. ಮೂರು ಪಾವಟಿಗೆ. ಮೆಟ್ಟಿಲನ್ನು ನಮ್ಮ ಕಡೆ ಪಾವಟಿಗೆ ಅನ್ನುತ್ತಾರೆ. ಅವನ ಅಪ್ಪನೂ ಅದನ್ನೇ ಹಾಕುತ್ತಿದ್ದನಂತೆ. ಕಂಬಳಿಯ ಹೊರಮೈ ಮೇಲೆ ಮಾಡಿ ಹಾಸಿದರೆ ಆ ಪಾವಟಿಗೆಗಳು ಬಲಕ್ಕೆ ಹತ್ತುತ್ತಾ ಹೋಗಬೇಕು. ಬದುಕಿರುವವರು ಹೊದೆಯುವ, ಹಾಸುವ, ಮದುವೆ ಮುಂಜಿಗೆ ಕೂರುವ ಎಲ್ಲ ಕಂಬಳಿಗೂ ಅದೇ ದಿಕ್ಕು. ಎಡಕ್ಕೆ ಹತ್ತುವ ಪಾವಟಿಗೆಯನ್ನು ನಮ್ಮ ಮನೆಯ ನೇಕಾರ ಜನ್ಮದಲ್ಲಿ ಒಂದೇ ಸಲ ಹಾಕುತ್ತಿದ್ದ, ತನ್ನ ಸ್ವಂತದ್ದಕ್ಕೆ. ಮಣ್ಣಿಗೆ ಹೋಗುವಾಗ ಹೆಗಲ ಮೇಲೆ ಹೊದಿಸುವ ಕಂಬಳಿಗೆ. ಅಪ್ಪ ತನ್ನದನ್ನು ಕೈಕಾಲು ಗಟ್ಟಿ ಇದ್ದಾಗಲೇ ನೇಯ್ದು ಟ್ರಂಕಿನಲ್ಲಿ ಇಟ್ಟಿದ್ದ. ಹಬ್ಬಕ್ಕೆ ಹೊಸ ಅಂಗಿ ಹೊಲಿಸಿ ಇಟ್ಟವರ ಹಾಗೆ ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕುತ್ತಿದ್ದ. ನೆರೆಯವರು ಅದನ್ನು ನೋಡಿ ಮಾತು ಬದಲಿಸುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ಬಿಸಿಲಿಗೆ ಹಾಕುವುದು ತಪ್ಪಿತು. ಅಪ್ಪನ ಮೊಣಕಾಲು ಕುಣಿಗೆ ಇಳಿಯಲು ಒಪ್ಪಲಿಲ್ಲ. ಕಣ್ಣು ಮಂಜಾಯಿತು. ಒಂದರ ಆಪರೇಷನ್ ಆಗಿ, ಇನ್ನೊಂದಕ್ಕೆ ಬೇಡವೆಂದ. ಕರಿದು ಬಿಳಿದು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಕಲ್ಲು ಪಾಲಿಶ್ ಮಾಡುವ ಮಶೀನಿನ ಕೆಲಸದಲ್ಲಿರುವ ನನ್ನ ಅಣ್ಣ ಮನೆಗೆಲ್ಲ ಹೊಸ ಫರಸಿ ಕಲ್ಲು ಹಾಸಿಸುವಾಗ ಕುಣಿಯನ್ನು ಮುಚ್ಚಿಸಿದ. ಅದರ ಮೇಲೆ ಶಾಬಾದಿನ ದೊಡ್ಡ ಕಲ್ಲು ಬಂತು, ಕಲ್ಲಿನ ಮೇಲೆ ಅಪ್ಪನ ಮಂಚ ಬಂತು. ಟ್ರಂಕು ತೆಗೆದು ಸರಿಸುವಾಗ ನೋಡಿದರೆ ಕಂಬಳಿಯನ್ನು ಹುಳ ತಿಂದಿತ್ತು. ಎತ್ತಿದ ಕೂಡಲೇ ಕೈಯಲ್ಲೇ ಹರಿಯಿತು. ಮೇಲೆ ಗೂಟಕ್ಕೆ ಬೇವಿನ ಸೊಪ್ಪು ಹಾಕಿ ಕಟ್ಟಿದ್ದ ಅವ್ವನ ನೂಲಿನ ಗಂಟು ಮಾತ್ರ ಚೆನ್ನಾಗಿತ್ತು.

ಆ ದಿನ ನಾನೂ ಅಲ್ಲಿದ್ದೆ. ಅಪ್ಪ ಹರಿದ ತುಂಡನ್ನು ಬೆರಳಲ್ಲಿ ತಿಕ್ಕಿ ನೋಡಿದ.

‘ನಂದು ಹುಳ ತಿಂತು. ಇನ್ನೊಂದ ಯಾರು ನೇಯ್ತಾರ?’ ಎಂದು ಕೇಳಿದ.

ಅಣ್ಣ ಟ್ರಂಕನ್ನು ಗೋಡೆಗೆ ಒತ್ತಿ ಸರಿಸಿದ. ಅವನಿಗೆ ನೇಯಲು ಬರುವುದಿಲ್ಲ. ಸುತ್ತಲ ಊರಲ್ಲಿ ನೇಯುತ್ತಿದ್ದವರೂ ಬಿಟ್ಟಿದ್ದರು. ಸಂತೆಗೆ ಬರುವ ಕಂಬಳಿಗೆ ನಮ್ಮ ಪಾವಟಿಗೆ ಇರುವುದಿಲ್ಲ. ಅಪ್ಪ ಆಮೇಲೆ ಎರಡು ಮೂರು ಸಲ ಅದೇ ಪ್ರಶ್ನೆ ಕೇಳಿದನೆಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ಒಂದು ಸಲವೂ ನನ್ನ ಕಡೆ ತಿರುಗಿ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ?

ಮಗ್ಗ ನನ್ನ ಬದುಕಿಗೆ ಬಂದದ್ದು ಫೈಲಿನ ದಾರದಿಂದ. ಚಂದಾಪುರದ ಒಬ್ಬ ಹೆಂಗಸು ತಮ್ಮ ತವರಿನ ಗೋಡೆಯ ಹಳೆಯ ತಕರಾರಿನ ಡಿಕ್ರಿಯ ನಕಲು ಕೇಳಿಕೊಂಡು ಚಿತ್ತಾಪುರಕ್ಕೆ ಬಂದಿದ್ದರು. ವಯಸ್ಸು ಅರವತ್ತೈದರ ಮೇಲೆ, ಹತ್ತಿಯ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಫೈಲು ಕಟ್ಟುವ ದಾರ ಹರಿದಿತ್ತು. ನಾನು ಎರಡು ತುದಿ ಸೇರಿಸಿ ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದೆ. ಗಂಟು ಹಾಕದೆ ದಾರ ಕೂಡಿತು. ಅವರು ಕೌಂಟರಿನ ಆಚೆಯಿಂದ ಅದನ್ನೇ ನೋಡುತ್ತಿದ್ದರು.

‘ನೂಲಲಿಕ್ಕ ಬರ್ತದೇನ್ರಿ ನಿಮಗ?’

‘ಸಣ್ಣಾಕಿದ್ದಾಗ ನೂಲ್ತಿದ್ದೆ. ಈಗ ಫೈಲಿನ ದಾರ ಅಷ್ಟ.’

‘ಹಂಗಾರ ಒಂದ ರವಿವಾರ ಚಂದಾಪುರಕ್ಕ ಬರ್ರಿ. ನನ್ನ ಮಗ್ಗ ಭಾಳ ದಿನದಿಂದ ಖಾಲಿ ಕುಂತದ.’

ಅವರು ಮೊದಲು ನೇಯ್ಗೆ ತರಬೇತಿ ಕೊಡುವ ಕೆಲಸದಲ್ಲಿದ್ದವರು. ವಯಸ್ಸಿನಲ್ಲಿದ್ದಾಗ ಒಂದು ಚಳಿಗಾಲ ಪೂರ್ತಿ ಸ್ವೀಡನ್ನಿನ ಒಂದು ನೇಯ್ಗೆ ಶಾಲೆಯಲ್ಲಿ ಕಲಿತು ಬಂದಿದ್ದರು. ಅಲ್ಲಿಂದ ತಂದದ್ದು ಒಂದು ನೋಟ್‌ಬುಕ್ಕು, ಒಂದು ಉಣ್ಣೆಯ ಟೊಪ್ಪಿಗೆ, ಮಗ್ಗದ ಅಳತೆಯ ಒಂದು ಹಾಳೆ. ಆ ಹಾಳೆ ನೋಡಿ ಮಗ್ಗ ಮಾಡಿದವನು ಸೇಡಂನ ಒಬ್ಬ ಬಡಿಗ. ಅರ್ಧ ಕೆಲಸ ಆಗುವವರೆಗೂ ಅವನು ಅದನ್ನು ಪಲ್ಲಂಗ ಎಂದೇ ತಿಳಿದಿದ್ದನಂತೆ. ಸೊಳ್ಳೆಪರದೆಗೆ ಇಷ್ಟು ದಪ್ಪ ಕಂಬ ಯಾಕೆ ಎಂದು ಕೇಳಿದನಂತೆ. ನೆಲದ ಮೇಲೆ ನಿಲ್ಲುವ, ಎದುರಿಗೆ ಬೆಂಚು ಇರುವ, ಕಾಲಿಂದ ಪಟ್ಟಿ ತುಳಿಯುವ ಆ ಮಗ್ಗ ಈಗಲೂ ಅವರ ಮನೆಯ ನಡುಮನೆಯನ್ನು ಪೂರಾ ನುಂಗಿ ಕುಳಿತಿದೆ. ಬಂದವರು ಅದರ ಪಕ್ಕದಲ್ಲಿ ಸರಿದುಕೊಂಡು ಒಳಗೆ ಹೋಗಬೇಕು.

ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನನಗೂ ಅವರು ಅಕ್ಕೋರಾದರು. ರವಿವಾರ ನಮ್ಮ ಮನೆ ಇರುವ ವಾಡಿಯಿಂದ ಪ್ಯಾಸೆಂಜರ್ ಹಿಡಿದು ಸೇಡಂ, ಅಲ್ಲಿಂದ ಚಿಂಚೋಳಿ ಬಸ್ಸು. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಗಾಡಿ ತಡವಾದರೆ ಸೇಡಂನಲ್ಲಿ ಬಸ್ಸು ತಪ್ಪುತ್ತಿತ್ತು. ತಪ್ಪಿದರೆ ಸ್ಟ್ಯಾಂಡಿನಲ್ಲೇ ಒಂದು ತಾಸು. ಕೋರ್ಟಿನಲ್ಲಿ ಸುದ್ದಿ ಹಬ್ಬಿತು. ‘ಸ್ವೀಡನ್ ಅಂದ್ರ ಚಿಂಚೋಳಿ ದಾಟಿ ಎಷ್ಟ ದೂರ ಆಗ್ತದ್ರಿ ಮೇಡಂ?’ ಎಂದು ಶಿರಸ್ತೇದಾರರು ಕೇಳಿದರು. ‘ಚಂದಾಪುರದಾಗೇ ಇಳೀಬೇಕ್ರಿ ಸರ್’ ಎಂದೆ. ಆ ಮಾತು ಒಂದು ವಾರ ಕ್ಯಾಂಟೀನಿನಲ್ಲಿ ಓಡಿತು.

ಮೊದಲ ದಿನ ಅಕ್ಕೋರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ತೂಗುತ್ತಿದ್ದ ಹಲಗೆಯನ್ನು ಎಳೆದು ಬಡಿಯಲು ಹೇಳಿದರು. ನಾನು ಕೈ ಮುಂದೆ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಎರಡು ಸಲ ಹಾಗಾಯಿತು.

‘ಯಾಕ್ರಿ, ಕರೆಂಟ್ ಬಿಟ್ಟಾರೇನು ಅದಕ್ಕ?’ ಎಂದರು.

ಹೇಳಿದೆ. ನಮ್ಮ ಮನೆಯಲ್ಲಿ ಹೆಂಗಸರು ಮುಟ್ಟುವುದಿಲ್ಲ ಎಂದು. ಅವರು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ಅಷ್ಟರಲ್ಲಿ ನಾನು ಒಂದು ಸಲ ಬಡಿದಿದ್ದೆ. ಸದ್ದು ಅಪ್ಪನ ಹಲಗೆಯ ಸದ್ದಿಗಿಂತ ಮೆತ್ತಗಿತ್ತು. ಏನೂ ಆಗಲಿಲ್ಲ. ಏನಾದರೂ ಆಗಬೇಕಿತ್ತೆಂದು ನಾನು ಎಣಿಸಿದ್ದೆ ಅನ್ನುವುದು ಆಗ ತಿಳಿಯಿತು.

ಅಕ್ಕೋರು ಕಲಿಸಿದ ನೇಯ್ಗೆಯ ಹೆಸರು ರೋಲಾಕಾನ್. ಸ್ವೀಡನ್ನಿನವರ ಬಾಯಲ್ಲಿ ಅದು ಬೇರೆ ತರಹ ಇದ್ದೀತು, ಚಂದಾಪುರದಲ್ಲಿ ಹೀಗೆ. ಕಂಬಳಿಯಲ್ಲಿ ಹೊಕ್ಕಿನ ಎಳೆ ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿಗೆ ಹೋಗುತ್ತದೆ. ಇದರಲ್ಲಿ ಹಾಗಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಸಣ್ಣ ನೂಲಿನ ಸುರುಳಿ. ಬೆರಳಿಗೆ ಸುತ್ತಿ ಮಾಡುವ ಆ ಸುರುಳಿಗೆ ಅಲ್ಲಿನ ಮುದುಕಿಯರು ಗೊಂಬೆ ಅನ್ನುತ್ತಾರಂತೆ. ಪ್ರತಿ ಗೊಂಬೆ ತನ್ನ ಬಣ್ಣದ ಮನೆಯೊಳಗೇ ಓಡಾಡಿ, ಗಡಿಯಲ್ಲಿ ಪಕ್ಕದ ಬಣ್ಣದ ಎಳೆಯನ್ನು ಕೊಕ್ಕೆ ಹಾಕಿ ಹಿಡಿದು ವಾಪಸು ಬರುತ್ತದೆ. ಹಾಸಿನ ಎಳೆ ಒಂದೂ ಕಾಣಬಾರದು, ಹೊಕ್ಕು ಅದನ್ನು ಪೂರಾ ಮುಚ್ಚಬೇಕು. ಅಲ್ಲಿಯ ಹಳ್ಳಿಗಳಲ್ಲಿ ಇದನ್ನು ಮದುವೆಗೆ ಹೋಗುವ ಗಾಡಿಯಲ್ಲಿ ಹಾಸಿಕೊಳ್ಳಲು ನೇಯುತ್ತಿದ್ದರಂತೆ. ಅದು ಕೇಳಿ ನನಗೆ ಆ ದೇಶ ಅಷ್ಟೇನೂ ದೂರ ಅನ್ನಿಸಲಿಲ್ಲ.

ನನ್ನ ಎಳೆಗಳು ಬಿಗಿ. ಬಿಗಿಯಾದರೆ ಅಂಚು ಒಳಗೆ ಸೆಳೆದು ಬಟ್ಟೆಗೆ ಸೊಂಟ ಬರುತ್ತದೆ. ‘ಕಮಾನು ಇಡ್ರಿ, ಕಮಾನು’ ಎಂದು ಅಕ್ಕೋರು ಹೇಳುತ್ತಲೇ ಇದ್ದರು. ಎಳೆಯನ್ನು ನೇರಕ್ಕೆ ಎಳೆಯದೆ ಕಮಾನಿನ ಹಾಗೆ ಬಾಗಿಸಿ ಬಿಟ್ಟು ಆಮೇಲೆ ಬಡಿಯಬೇಕು. ಸಡಿಲ ಬಿಟ್ಟದ್ದು ಹಲಗೆಯ ಏಟಿಗೆ ತಾನೇ ಸರಿಯಾಗಿ ಕೂರುತ್ತದೆ. ಇದನ್ನು ನನ್ನ ಕೈ ನಂಬಲು ನಾಲ್ಕು ತಿಂಗಳು ಹಿಡಿಯಿತು.

ಇನ್ನೊಂದು ಸಂಗತಿ ಇತ್ತು. ಈ ನೇಯ್ಗೆಯನ್ನು ಉಲ್ಟಾ ನೇಯುತ್ತಾರೆ. ಬಣ್ಣಗಳ ಗಡಿಯಲ್ಲಿ ಕೊಕ್ಕೆ ಬಿದ್ದ ಕಡೆ ಸಣ್ಣ ದಿಬ್ಬ ಏಳುತ್ತದೆ. ಆ ದಿಬ್ಬದ ಮೈ ನೇಯುವವರ ಕಣ್ಣೆದುರಿಗೆ ಇರುತ್ತದೆ. ನುಣುಪಾದ ಹೊರಮೈ ಕೆಳಗೆ, ನೆಲದ ಕಡೆ. ಮುಗಿದು ಕತ್ತರಿಸಿ ತಿರುವುವವರೆಗೆ ಅದು ನೇಯ್ದವರಿಗೇ ಕಾಣುವುದಿಲ್ಲ. ಆದ್ದರಿಂದ ಚಿತ್ರದ ಕಾಗದವನ್ನೂ ಮಗುಚಿ ಕಟ್ಟಿಕೊಳ್ಳಬೇಕು. ಅಕ್ಕೋರು ಇದನ್ನು ಮೊದಲ ವಾರವೇ ಹೇಳಿದ್ದರು. ಆದರೆ ನಾನು ಕಲಿಯುವಾಗ ನೇಯ್ದ ತುಂಡುಗಳಲ್ಲೆಲ್ಲ ಚೌಕ, ವಜ್ರದಾಕಾರ, ಪಟ್ಟೆ. ಅವು ಆ ಕಡೆಯಿಂದ ನೋಡಿದರೂ ಒಂದೇ, ಈ ಕಡೆಯಿಂದ ನೋಡಿದರೂ ಒಂದೇ. ಮಾತು ಕಿವಿಯಲ್ಲಿ ಉಳಿಯಿತು, ಕೈಗೆ ಇಳಿಯಲಿಲ್ಲ.

ಅಪ್ಪನಿಗೆ ನಾನೇ ಹೇಳಿದೆ. ಬೇರೆಯವರಿಂದ ತಿಳಿಯುವುದು ಬೇಡವೆಂದು ಒಂದು ಎರಡನೇ ಶನಿವಾರ ರಾವೂರಿಗೆ ಹೋಗಿ, ಅವನು ಊಟ ಮುಗಿಸಿದ ಮೇಲೆ, ನೇಯುವುದನ್ನು ಕಲಿಯುತ್ತಿದ್ದೇನೆ ಎಂದೆ. ಮಂಚದ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದ.

‘ಹಲಗಿ ಮುಟ್ಟೀ?’

‘ಮುಟ್ಟೀನಿ.’

‘ಕುಣ್ಯಾಗ ಕುಂತೇನು?’

‘ಇಲ್ಲಪ್ಪ. ಬೆಂಚಿನ ಮ್ಯಾಲ ಕುಂತು.’

‘ಆಫೀಸಿನ್ಯಾಗ ಕುಂತಂಗ’ ಎಂದ. ಅಡಕೊತ್ತನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ನನಗೆ ಸಿಟ್ಟು ಬಂತು. ಇನ್ನೊಂದನ್ನು ಯಾರು ನೇಯುತ್ತಾರೆ ಎಂದು ಮನೆಮಂದಿಗೆಲ್ಲ ಕೇಳುವವನು ಇವನೇ, ನೇಯಲು ಕಲಿತವಳು ಎದುರಿಗೆ ನಿಂತರೆ ಗೋಡೆ ನೋಡುವವನೂ ಇವನೇ. ಅತ್ತಿಗೆ ನನ್ನ ಕೈ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದಳು. ಗೂಟದ ಮೇಲಿನ ಅವ್ವನ ನೂಲಿನ ಗಂಟನ್ನು ಇಳಿಸಿ, ‘ಇದನ್ನ ಒಯ್ರಿ, ಇಲ್ಲಿದ್ದರ ಇದಕ್ಕೂ ಹುಳ ಹತ್ತತಾವ’ ಎಂದಳು. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅದಕ್ಕೆ ಇನ್ನೂ ಕುರಿಯ ವಾಸನೆ ಇತ್ತು.

ಆ ನೂಲಿನಿಂದ ಅಪ್ಪನಿಗೆ ಕೂರುವ ಹಾಸು ಒಂದನ್ನು ನೇಯಬೇಕೆಂದು ನಿಶ್ಚಯಿಸಿದೆ. ಕೂರುವುದು ಎಂಬ ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡೆ. ಮಣ್ಣಿಗೆ ಹೋಗುವಾಗಿನದನ್ನು ನೇಯುವ ಧೈರ್ಯ ನನಗಿರಲಿಲ್ಲ, ಅದನ್ನು ಮಗಳ ಕೈಯಿಂದ ಅವನು ತೆಗೆದುಕೊಳ್ಳುತ್ತಿರಲೂ ಇಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ. ಅವನು ನಾನು ನೇಯ್ದದ್ದನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕು, ಮತ್ತು ಗೋಡೆಯ ಕಡೆ ತಿರುಗಬಾರದು.

ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದೆ. ನಡುವೆ ಕರಿ ಮತ್ತು ಬೂದು ಚೌಕಗಳು, ಶಾಬಾದಿನ ಕಲ್ಲು ಹಾಸಿದ ಅಂಗಳದ ಹಾಗೆ. ಮೂಲೆಯಲ್ಲಿ ಬಿಳಿಯ ಮೂರು ಪಾವಟಿಗೆ, ಬಲಕ್ಕೆ ಹತ್ತುವಂತೆ. ದಿಕ್ಕು ತಪ್ಪಬಾರದೆಂದು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಬಲ’ ಎಂದು ಬರೆದು ಬಾಣದ ಗುರುತೂ ಹಾಕಿದೆ. ಅಕ್ಕೋರಿಗೆ ಆ ತಿಂಗಳು ನೆಗಡಿ, ಜ್ವರ, ನಾನು ಹೋದಾಗಲೆಲ್ಲ ಒಳಗೆ ಮಲಗಿರುತ್ತಿದ್ದರು. ನಾನೇ ಹಾಳೆಯನ್ನು ಹಾಸಿನ ಎಳೆಗಳ ಕೆಳಗೆ ಕಟ್ಟಿದೆ. ಹೇಗಿತ್ತೋ ಹಾಗೆ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಮೂಲ ಮುಂದಿದೆ, ನೋಡಿ ಮಾಡುವುದು, ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಕೆಂಪಕ್ಷರದಲ್ಲಿ ಬರೆದ ‘ಬಲ’ ಎಳೆಗಳ ಸಂದಿಯಿಂದ ಸೀದಾ ಕಾಣುತ್ತಿತ್ತು. ಅದು ಹಾಗೆ ಸೀದಾ ಕಾಣಬಾರದಾಗಿತ್ತು.

ಪಾವಟಿಗೆಗಳು ಮೊದಲ ತಿಂಗಳಲ್ಲೇ ಬಂದವು. ನನ್ನ ಕಣ್ಣೆದುರಿನ ಮೈಯಲ್ಲಿ ಅವು ಬಲಕ್ಕೇ ಹತ್ತಿದವು. ಹಾಳೆಯ ಜೊತೆ ಹೋಲಿಸಿ ನೋಡಿ ಸಂತೋಷಪಟ್ಟೆ. ನೇಯ್ದ ಭಾಗ ಮುಂದಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಯಿತು. ಚೇತರಿಸಿಕೊಂಡು ಎದ್ದು ಬಂದ ಅಕ್ಕೋರಿಗೆ ಬರೀ ಚೌಕಗಳು ಕಂಡವು. ಚೌಕದಲ್ಲಿ ಯಾರಿಗೆ ಏನು ಗೊತ್ತಾಗುತ್ತದೆ? ‘ಭಾಳ ಬೇಸ್ ಬರ್ಲಿಕತ್ತದ. ಅಂಚು ಅಷ್ಟ ನೋಡ್ಕೋರಿ’ ಎಂದರು.

ಅವ್ವನ ನೂಲು ನನ್ನ ನೂಲಿನ ಹಾಗಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವಳು ಮಾತಾಡುತ್ತಾ ನೂಲುತ್ತಿದ್ದಳು. ಮಾತು ಜೋರಾದಲ್ಲಿ ಎಳೆ ದಪ್ಪವಾಗಿದೆ ಎಂದುಕೊಂಡು ನೇಯುತ್ತಿದ್ದೆ. ಅದು ನಿಜವಿರಲಿಕ್ಕಿಲ್ಲ. ಹೊತ್ತು ಹೋಗಲು ಅಷ್ಟು ಸಾಕು.

ಮಳೆಗಾಲ ಮುಗಿದು, ಚಿಂಚೋಳಿ ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟ ಕಾಲಕ್ಕೆ ನನ್ನ ಹಾಸು ಮುಗಿಯಿತು. ಅಕ್ಕೋರು ಕತ್ತರಿ ನನ್ನ ಕೈಗೇ ಕೊಟ್ಟರು. ಹಾಸಿನ ಎಳೆಗಳನ್ನು ಕತ್ತರಿಸಿ, ದಿಂಡಿನಿಂದ ಬಿಚ್ಚಿ, ನೆಲದ ಮೇಲೆ ಹರಡಿ, ಇಬ್ಬರೂ ಎರಡು ತುದಿ ಹಿಡಿದು ತಿರುವಿದೆವು. ನುಣುಪಾದ ಮೈ ಮೇಲೆ ಬಂತು. ಕರಿ, ಬೂದು, ಕರಿ, ಬೂದು. ಚೆನ್ನಾಗಿತ್ತು. ಮೂಲೆಯಲ್ಲಿ ಬಿಳಿಯ ಮೂರು ಪಾವಟಿಗೆ ಎಡಕ್ಕೆ ಹತ್ತಿದ್ದವು.

ನಾನು ಆ ಕಡೆ ಹೋಗಿ ನಿಂತು ನೋಡಿದೆ. ಆ ಕಡೆಯಿಂದಲೂ ಎಡಕ್ಕೇ. ಪಾವಟಿಗೆ ಎಷ್ಟು ತಿರುಗಿಸಿದರೂ ದಿಕ್ಕು ಬದಲಿಸುವುದಿಲ್ಲ, ಮಗುಚಿದರೆ ಮಾತ್ರ ಬದಲಿಸುತ್ತದೆ. ಅಪ್ಪ ಬದುಕಿರುವಾಗ, ಅವನು ಕೇಳದೆ, ಅವನು ಒಪ್ಪದ ಕೈಯಿಂದ, ಅವನಿಗೆ ಕೂರಲೆಂದು ನಾನು ನೇಯ್ದದ್ದು ಹೀಗೆ ಬಂದಿತ್ತು.

‘ಕಾಗದ ಮಗುಚಿದ್ದಿಲ್ಲೇನ್ರಿ?’ ಎಂದರು ಅಕ್ಕೋರು.

‘ಇಲ್ರಿ.’

‘ಹೋಗ್ಲಿ ಬಿಡ್ರಿ. ಎಡಕ್ಕ ಹತ್ತಿದರೇನು, ಬಲಕ್ಕ ಹತ್ತಿದರೇನು. ಪಾವಟಿಗಿ ಪಾವಟಿಗೀನೇ.’

ಅವರಿಗೆ ನಾನು ವಿವರಿಸಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ವಾಡಿಗೆ ತಂದು ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟೆ. ಬಿಚ್ಚಿ ಮತ್ತೆ ನೇಯುವ ಮಾತೇ ಇರಲಿಲ್ಲ. ಪಾವಟಿಗೆ ಇರುವುದು ಶುರುವಿನ ತುದಿಯಲ್ಲಿ, ಅದನ್ನು ಮುಟ್ಟಬೇಕಾದರೆ ಎಲ್ಲ ಬಿಚ್ಚಬೇಕು, ಅವ್ವನ ನೂಲು ಇನ್ನೊಂದು ಏಟು ತಡೆಯುವಂಥದ್ದಲ್ಲ. ಗಂಡನಿಗೆ ಹೇಳಿದೆ. ಅವರು ಹಾಸನ್ನು ತಿರುವಿ ಹಾಕಿದರು. ‘ಹಿಂಗ ಹಾಸಿಬಿಡು. ಈ ಕಡಿಂದ ಬಲಕ್ಕ ಹತ್ತತಾವಲ್ಲ. ಮಾವಗ ಎಲ್ಲಿ ಕಾಣಸ್ತದ’ ಎಂದರು. ಅವರ ಕೆಲಸವೇ ಅದು, ಹಳಿ ತಿರುಗಿಸುವುದು. ಎರಡು ವಾರ ಆ ಮಾತನ್ನು ಬೇಡವೆನ್ನುತ್ತಾ ಇದ್ದು ಮೂರನೆಯ ವಾರ ಒಪ್ಪಿಕೊಂಡೆ. ಒಳಮೈಯ ದಿಬ್ಬಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಆದಷ್ಟು ಒತ್ತಿ ಕೂರಿಸಿದೆ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ಅಕ್ಷರ ಬದಲಿಸದವಳು ನಾನು. ಅಪ್ಪನ ಮುಂದೆ ಸುಳ್ಳು ಪ್ರತಿ ಇಡಲು ಹೊರಟಿದ್ದೆ.

ರಾವೂರಿಗೆ ಹೋದಾಗ ಮುಂಜಾನೆ ಹತ್ತು ಗಂಟೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದಳು. ಅಪ್ಪ ಮಂಚದ ಮೇಲೆ, ಕಾಲು ಕೆಳಗೆ ಬಿಟ್ಟು, ಮುಚ್ಚಿದ ಕುಣಿಯ ಕಲ್ಲಿನ ಮೇಲೆ ಪಾದ ಇಟ್ಟು ಕುಳಿತಿದ್ದ. ಅವನ ಪಕ್ಕದಲ್ಲಿ ಹಾಸನ್ನು ಬಿಚ್ಚಿ ಹರಡಿದೆ. ಒಳಮೈ ಮೇಲಕ್ಕೆ, ಪಾವಟಿಗೆ ಬಲಕ್ಕೆ.

‘ಏನಿದು?’

‘ನಾ ನೇಯ್ದದ್ದು. ಅವ್ವನ ನೂಲಿಂದ.’

ಗೋಡೆಯ ಕಡೆ ತಿರುಗುತ್ತಾನೆ ಎಂದು ಕಾದೆ. ಅವ್ವನ ನೂಲು ಎಂಬ ಮಾತಿಗೆ ಇರಬೇಕು, ಅವನ ಕೈ ಹಾಸಿನ ಮೇಲೆ ಬಂತು. ಬೆರಳು ಒಂದು ಚೌಕ ದಾಟಿತು, ಎರಡು ದಾಟಿತು, ನಿಂತಿತು.

‘ಇದು ಒಳಮೈ’ ಎಂದ. ‘ಒಳಮೈ ಮ್ಯಾಲ ಮಾಡಿ ಯಾಕ ಹಾಸೀದಿ?’

ಇಸ್ತ್ರಿಯಿಂದ ಏನೂ ಆಗಿರಲಿಲ್ಲ. ಜೀವಮಾನವಿಡೀ ಉಣ್ಣೆ ಮುಟ್ಟಿದ ಬೆರಳಿಗೆ ಹಾಗೆ ಮೋಸ ಮಾಡಬಹುದು ಎಂದು ನಂಬಿದ್ದಕ್ಕೆ ನಾಚಿಕೆಯಾಯಿತು. ನಾನು ಉತ್ತರ ಕೊಡುವ ಮೊದಲೇ ಅವನು ಎರಡೂ ಕೈಯಿಂದ ಹಾಸನ್ನು ಎತ್ತಿ ತಿರುವಿ ಹಾಕಿದ. ನುಣುಪಾದ ಮೈಯನ್ನು ಅಂಗೈಯಿಂದ ಉದ್ದಕ್ಕೂ ಸವರಿದ. ಮೂಲೆಗೆ ಬಂದಾಗ ಮುಖ ಹತ್ತಿರ ತಂದ. ಬಿಳಿ ಅವನಿಗೆ ಕಾಣುತ್ತದೆ ಎಂಬುದನ್ನು ನಾನು ಮರೆತಿದ್ದೆ. ತೋರುಬೆರಳು ಮೊದಲ ಪಾವಟಿಗೆ ಹತ್ತಿತು, ಎರಡನೆಯದು ಹತ್ತಿತು, ಮೂರನೆಯದರ ಮೇಲೆ ನಿಂತಿತು. ಮತ್ತೆ ಕೆಳಗಿಳಿದು ಇನ್ನೊಮ್ಮೆ ಹತ್ತಿತು.

‘ಎಡಕ್ಕ ಹತ್ತ್ಯಾವ.’

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ತಪ್ಪಾಗಿದೆ ಅಪ್ಪ, ಕಾಗದ ಮಗುಚುವುದನ್ನು ಮರೆತೆ, ಬೇಕೆಂದು ಮಾಡಿದ್ದಲ್ಲ. ಬಾಯಿ ತೆರೆದೆ. ಅಡಿಗೆಮನೆಯಲ್ಲಿ ಅತ್ತಿಗೆಯ ಕೈಯೂ ನಿಂತಿತ್ತು.

‘ನನಗಂತ ಮಾಡೀಯೇನು?’ ಎಂದು ಅಪ್ಪ ಕೇಳಿದ.

ಅದನ್ನು ಅವನು ಕೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಅಣ್ಣನನ್ನು ಕೇಳಿ ಉತ್ತರ ಬಾರದೆ ಬಿಟ್ಟಿದ್ದ ಪ್ರಶ್ನೆಯನ್ನೇ ಇನ್ನೊಮ್ಮೆ, ಮೊದಲ ಸಲ ನನ್ನ ಕಡೆ ಮುಖ ಮಾಡಿ ಕೇಳುತ್ತಿದ್ದ.

‘ಹೌದಪ್ಪ’ ಎಂದೆ.

ಅವನು ಮೊಣಕೈ ಊರಿ ಹಾಸಿನ ಉದ್ದವನ್ನು ಅಳೆದ. ಒಂದು ಮೊಳ, ಎರಡು, ಮೂರು. ‘ಮೂರೂವರಿ ಅದ.’

‘ಸಣ್ಣದಾತಪ್ಪ.’

‘ಕುಂಡ್ರಿಸೇ ಇಡ್ತಾರಲ್ಲ. ಹೆಗಲಿಗೆ ಸಾಲ್ತದ.’

ನಮ್ಮ ಮನೆತನದಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಕೂರುವ ಹಾಸು ಎಂದು ನಾನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡ ಮಾತನ್ನು ಅವನು ಹೀಗೆ ತೆಗೆದುಕೊಂಡ. ನನಗೆ ಅಳು ಬಂತು. ಅವನಿಗೆ ಮುಖ ಕಾಣುವುದಿಲ್ಲವಾದ್ದರಿಂದ ತಡೆದುಕೊಳ್ಳಲಿಲ್ಲ.

ಅವನ ಕೈ ಅಂಚಿನ ಗುಂಟ ಹೋಗಿ ನಡುವೆ ಒಂದು ಕಡೆ ನಿಂತಿತು. ‘ಇಲ್ಲಿ ಎರಡ ಬೊಟ್ಟು ಒಳಗ ಜಗ್ಗ್ಯದ. ಹೊಕ್ಕು ಬಿಗಿ ಹಿಡದೀದಿ.’

‘ಅಕ್ಕೋರೂ ಅದನ್ನೇ ಹೇಳ್ತಾರ.’

‘ಎಲ್ಲಿಯಾಕಿ ಆಕಿ?’

‘ಚಂದಾಪುರದಾಕಿ.’

‘ಬೇಸ್ ಕಲಿಸ್ಯಾಳ.’ ಒಳಗೆ ಜಗ್ಗಿದ ಅಂಚನ್ನು ಬೆರಳಿಂದ ಹೊರಗೆ ಎಳೆದು ನೋಡಿದ. ‘ಹಲಗಿ ಮುಟ್ಟೂ ಮೊದಲ ಕಣ್ಣಿಗೆ ಒತ್ತಿಕೊಂಡಿಯೇನು?’

‘ಇಲ್ಲ. ಯಾರೂ ಹೇಳಿದ್ದಿಲ್ಲ.’

‘ನಾ ಹೇಳಲಿಕತ್ತೀನಲ್ಲ ಈಗ.’

ಅತ್ತಿಗೆ ಹಿತ್ತಲಿಂದ ಬೇವಿನ ಸೊಪ್ಪು ತಂದಳು. ಹಾಸನ್ನು ಮಡಿಚಿ ಸೊಪ್ಪಿನ ಜೊತೆ ಟ್ರಂಕಿನಲ್ಲಿ ಇಟ್ಟೆವು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಲು ಮರೆಯಬಾರದು ಎಂದು ಅಪ್ಪ ಇಬ್ಬರಿಗೂ ಹೇಳಿದ. ನಿಜ ಏನೆಂದು ಅವನಿಗೆ ನಾನು ಆಮೇಲೂ ಹೇಳಲಿಲ್ಲ, ಹೇಳುವುದೂ ಇಲ್ಲ. ಆ ಒಂದು ‘ಹೌದು’ ಮೂಲದಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು.

ನಾನು ಹೊರಡುವಾಗ ಅವನು ಮಂಚದ ಮೇಲೆ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದ.

‘ಯವ್ವಾ, ಇನ್ನೊಂದ ನೇಯಿ. ಬಲಕ್ಕ ಹತ್ತೂದು. ಅದು ಟ್ರಂಕಿಗೆ ಬ್ಯಾಡ, ಇಲ್ಲಿ ಹಾಸ್ಕೊಂಡು ಕುಂಡ್ರತೀನಿ.’

ಮುಂದಿನ ರವಿವಾರ ಚಂದಾಪುರಕ್ಕೆ ಹೋದೆ. ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಕಾಗದವನ್ನು ಮಗುಚಿ ಕಟ್ಟಿದೆ.